ಸವೆದ ಕಡೆಯಲ್ಲೇ ಹೊಳಪು

ಕೆಂಗೇರಿ, ಕುಂಬಳಗೋಡು, ಬಿಡದಿ ಒಂದೊಂದಾಗಿ ಹಿಂದೆ ಸರಿದು ಮೈಸೂರು ರಸ್ತೆ ರಾಮನಗರದ ಸೀಮೆಯನ್ನು ಹೊಕ್ಕಾಗ, ದಿಗಂತದ ತುಂಬ ಬಂಡೆಬೆಟ್ಟಗಳು ಬೋಳುಮೈಯಲ್ಲಿ ಬಿಸಿಲು ಕಾಯಿಸುತ್ತ ಕಾಣಸಿಗುತ್ತವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಲ್ಲಿ ಕುದಿದು, ತಣಿದು, ಗಟ್ಟಿಯಾದ ಆ ಕಲ್ಲಿಗೆ ಭೂವಿಜ್ಞಾನಿಗಳು ಈ ಊರಿನ ಹಳೆಯ ಹೆಸರನ್ನೇ ಇಟ್ಟು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅಷ್ಟು ಹಿರಿಯ ಕಲ್ಲುಗಳ ನಡುವೆ, ಹಳೆಯ ಹೆದ್ದಾರಿಯ ಬದಿಯಲ್ಲೇ, ಮರಗಳ ನೆರಳು ಹೊದ್ದ 15 ಎಕರೆ ನೆಲದಲ್ಲಿ ಜಾನಪದ ಲೋಕವೆಂಬ ವಸ್ತುಸಂಗ್ರಹಾಲಯವಿದೆ. ಬಾಗಿಲು ದಾಟಿ ಒಂದಿಷ್ಟು ಹೆಜ್ಜೆ ಇಡುವಷ್ಟರಲ್ಲಿ ರಸ್ತೆಯ ಮೊರೆತ ತಗ್ಗುತ್ತದೆ, ಎಲೆಗಳ ಸದ್ದು ಏರುತ್ತದೆ, ನಡಿಗೆ ನಮ್ಮನ್ನು ಕೇಳದೆಯೇ ನಿಧಾನವಾಗುತ್ತದೆ.

ಲೋಕಮಹಲ್‌ನ ಒಳಗಿನ ತಂಪಿನಲ್ಲಿ ಮೊರ, ಒನಕೆ, ಕಡಗೋಲು, ಸೇರು, ಕೊಳಗ ಎಲ್ಲವೂ ಬಹಳ ದುಡಿದು ಈಗಷ್ಟೇ ಕೂತವರ ಸುಮ್ಮನಿರುವಿಕೆಯಲ್ಲಿವೆ. ರಾಗಿ ಬೀಸುವ ಕಲ್ಲನ್ನು ಕಂಡರೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗುವುದಿಲ್ಲ. ಅದರ ಮರದ ಗೂಟ ಎಲ್ಲಿ ಸವೆದಿದೆಯೋ ಅಲ್ಲೇ ಹೊಳೆಯುತ್ತದೆ. ಇನ್ನೂ ಕೋಳಿ ಕೂಗದ ಹೊತ್ತಿನಲ್ಲಿ, ದೀಪದ ಮಂಕು ಬೆಳಕಿನಲ್ಲಿ, ಒಂದು ಕಾಲು ಚಾಚಿ ಕುಳಿತು, ಹಾಡಿನ ಏರಿಳಿತಕ್ಕೆ ತೋಳನ್ನು ಒಪ್ಪಿಸಿ ಬೀಸಿದ ಹೆಣ್ಣುಮಕ್ಕಳ ಅಂಗೈಯ ಬಿಸಿಯೇ ಆ ಹೊಳಪಾಗಿ ಉಳಿದಿದೆಯೇನೋ ಅನ್ನಿಸುತ್ತದೆ. ತಿರುಗಿ ತಿರುಗಿ ಕಲ್ಲಿನ ಮೈ ನುಣುಪಾದಾಗಲೆಲ್ಲ ಉಳಿಯಿಂದ ಮತ್ತೆ ಕಚ್ಚು ಹಾಕಿಸುತ್ತಿದ್ದರು. ಹಾಗಾದರೆ ಸವೆದ ಕಲ್ಲು ಎಲ್ಲಿ ಹೋಯಿತು? ಕಣ್ಣಿಗೆ ಕಾಣದ ಪುಡಿಯಾಗಿ ಹಿಟ್ಟಿನಲ್ಲಿ ಬೆರೆತು, ಮುದ್ದೆಯಾಗಿ ತಟ್ಟೆಗೆ ಬಂದು, ನಮ್ಮ ಮುತ್ತಜ್ಜಿಯರ, ಅಜ್ಜಂದಿರ ತುತ್ತಿನಲ್ಲಿ ಒಂದಾಯಿತು. ಭೂಮಿಯ ಬಾಲ್ಯವನ್ನು ಕಂಡ ಕಲ್ಲೊಂದು ಹಸಿದ ಮಗುವಿನ ಬಾಯಿಯವರೆಗೆ ನಡೆದುಬಂದ ಆ ದಾರಿಯನ್ನು ನೆನೆದರೆ ಮಾತು ತಾನಾಗಿ ಹಿಂದಕ್ಕೆ ಸರಿಯುತ್ತದೆ.

ಆಯಗಾರ ಮಾಳದಲ್ಲಿ ನಿಂತಾಗ ಕಣ್ಣ ಮುಂದೆ ಸುಗ್ಗಿಯ ಕಣವೊಂದು ಹರಡಿಕೊಳ್ಳುತ್ತದೆ. ನೇಗಿಲು ಮಾಡಿಕೊಟ್ಟ ಬಡಗಿ, ಕುಳ ತಟ್ಟಿದ ಕಮ್ಮಾರ, ಮಡಕೆ ಕೊಟ್ಟ ಕುಂಬಾರ, ಬಟ್ಟೆ ಒಗೆದ ಅಗಸ, ಊರು ಕಾದ ತಳವಾರ, ಎಲ್ಲರೂ ವರ್ಷವಿಡೀ ದುಡಿದು, ತಮ್ಮ ಪಾಲಿನ ಆಯಕ್ಕಾಗಿ ಬಂದು ನಿಲ್ಲುತ್ತಿದ್ದುದು ಆ ಕಣದಂಚಿನಲ್ಲೇ. ಸಗಣಿ ಸಾರಿಸಿದ ನೆಲಕ್ಕೆ ಚಪ್ಪಲಿ ಮೆಟ್ಟಿ ಕಾಲಿಡುವಂತಿರಲಿಲ್ಲ. ರಾಶಿಗೆ ಪೂಜೆ ಮುಗಿದ ಮೇಲೆ ಅಳೆಯಲು ಕೂತ ರೈತ ಮೊದಲ ಕೊಳಗವನ್ನು ಒಂದು ಎಂದು ಎಣಿಸದೆ ‘ಲಾಭ’ ಎನ್ನುತ್ತಿದ್ದ; ಎಣಿಕೆ ಶುರುವಾಗುವುದಕ್ಕೂ ಮುಂಚೆ ಭೂಮಿಯ ಋಣ ನೆನೆಯುವ ಆ ಒಂದು ನಿಮಿಷದಲ್ಲಿ ಗುಡಿಯೂ ಕಣವೂ ಬೇರೆಯಾಗಿ ಉಳಿಯುತ್ತಿರಲಿಲ್ಲ.

ಬಯಲಿನಲ್ಲಿರುವ ವೀರಗಲ್ಲುಗಳ ಮೇಲೆ ಎಲೆಗಳ ನೆರಳು ಮೆಲ್ಲಗೆ ಹೊರಳಾಡುತ್ತದೆ. ಇಂಥ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಅದರಾಚೆ ಸೂರ್ಯಚಂದ್ರರು. ಊರಿನ ದನಗಳನ್ನು ಅಟ್ಟಿಕೊಂಡು ಹೋಗುವವರ ಎದುರು ನಿಂತು ಮಡಿದ ಯಾವನೋ ಒಬ್ಬನಿಗಾಗಿ ಊರು ಸೂರ್ಯಚಂದ್ರರನ್ನೇ ಸಾಕ್ಷಿಗೆ ಕರೆಯಿತು. ಮಳೆಗಾಳಿಗೆ ಅವನ ಮುಖ ಮಾಸಿಹೋದರೂ ಊರ ಪ್ರೀತಿ ಆ ಕಲ್ಲನ್ನು ಇನ್ನೂ ಬಿಟ್ಟುಹೋಗಿಲ್ಲ.

ಇವೆಲ್ಲ ಒಂದೆಡೆ ಸೇರಿದ್ದು ಒಬ್ಬ ಮನುಷ್ಯನ ಹಂಬಲದಿಂದ. ಆಡಳಿತ ಸೇವೆಯ ಅಧಿಕಾರಿಯಾಗಿದ್ದ ಎಚ್. ಎಲ್. ನಾಗೇಗೌಡರು ಹಳ್ಳಿಹಳ್ಳಿ ತಿರುಗಿ ಹಾಡುವವರ ದನಿಯನ್ನು ಟೇಪಿನಲ್ಲಿ ತುಂಬಿಕೊಂಡವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ಈ ಲೋಕದ ಬಾಗಿಲು ತೆರೆದರು. ಅದಕ್ಕೂ ಸುಮಾರು ನೂರು ವರ್ಷ ಹಿಂದೆ, 1891ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆರ್ತುರ್ ಹಾಸೇಲಿಯಸ್ ಎಂಬವರು ಹಳ್ಳಿಮನೆಗಳನ್ನೇ ಬಿಚ್ಚಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿ, ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ ಕಟ್ಟಿದ್ದರು. ಹಿಮದ ನಾಡಿನವರಿಗೂ ರಾಗಿಯ ನಾಡಿನವರಿಗೂ, ಕೈಜಾರುತ್ತಿರುವುದನ್ನು ಎರಡೂ ಕೈಯಲ್ಲಿ ಬಾಚಿಕೊಳ್ಳುವ ಆತುರ ಒಂದೇ.

ಆದರೆ ಕಸುಬನ್ನು ಯಾವ ಗಾಜಿನ ಪೆಟ್ಟಿಗೆಯೂ ಹಿಡಿದಿಡಲಾರದು. ಅದು ಒಂದು ಮೈಯಿಂದ ಇನ್ನೊಂದು ಮೈಗೆ ಇಳಿದು ಬರಬೇಕು. ಗೋಡೆಗೆ ಒರಗಿಸಿದ ತೊಗಲುಗೊಂಬೆ ಬರೀ ತೊಗಲು. ಬಿಳಿಯ ಪರದೆಯ ಹಿಂದೆ ದೀಪ ಹೊತ್ತಿ, ಆ ತೆಳುವಾದ ಚರ್ಮದ ಕೆಂಪು, ಹಳದಿ, ಕಪ್ಪುಗಳೊಳಗೆ ಬೆಳಕು ಹಾದುಬಂದಾಗ, ಕೊರೆದ ಸಣ್ಣ ತೂತುಗಳೆಲ್ಲ ಒಡವೆಗಳಾಗಿ ಮಿನುಗುತ್ತವೆ, ಹನುಮಂತ ಸಮುದ್ರ ಹಾರುತ್ತಾನೆ. ಇಲ್ಲಿ ನಡೆಯುವ ಲೋಕೋತ್ಸವದ ದಿನಗಳಲ್ಲಿ ಡೊಳ್ಳಿನ ಗುಡುಗು ಎದೆಗೂಡಿಗೆ ಬಡಿಯುವಾಗ, ಪಟ ಹಿಡಿದು ಕುಣಿಯುವವನ ಬೆವರು ಬಿಸಿಲಿನಲ್ಲಿ ಹೊಳೆಯುವಾಗ, ಹಿಂದಿನದು ಎಂದು ನಾವು ಕರೆಯುವುದು ಇವನ ನರನಾಡಿಯಲ್ಲಿ ಇವತ್ತಿನ ರಕ್ತವಾಗಿ ಓಡುತ್ತಿದೆ ಎಂಬ ಬೆರಗು ಮೈಯೆಲ್ಲ ಹಬ್ಬುತ್ತದೆ.

ಆ ಬೆರಗನ್ನು ಹೊತ್ತು ಬೆಂಗಳೂರಿಗೆ ಮರಳಿದರೆ ನಮ್ಮ ಬೀದಿಗಳೇ ಬೇರೆಯಾಗಿ ಕಾಣುತ್ತವೆ. ರಾಜಾಜಿನಗರದ ಮಗ್ಗುಲಲ್ಲಿ ಕೇತಮಾರನಹಳ್ಳಿ, ಬಸವೇಶ್ವರನಗರದ ಮಗ್ಗುಲಲ್ಲಿ ಸಾಣೇಗುರುವನಹಳ್ಳಿ, ವಿಜಯನಗರದ ಆಚೆ ಮೂಡಲಪಾಳ್ಯ. ಮೆಟ್ರೋ ಕಂಬಗಳ, ಅಪಾರ್ಟ್‌ಮೆಂಟುಗಳ ನಡುವೆ ಹಳ್ಳಿಯ ಹೆಸರುಗಳು ಇನ್ನೂ ಉಸಿರಾಡುತ್ತಿವೆ. ಇಲ್ಲೂ ರಾಗಿ ತೂರಿದ್ದಾರೆ, ಇಲ್ಲೂ ಬೆಳಗಿನ ಜಾವ ಕಲ್ಲು ಹಾಡಿದೆ. ಕೆಲವು ಹಳೆಯ ಮನೆಗಳ ಹಿತ್ತಲಲ್ಲಿ, ತೆಂಗಿನ ಬುಡದಲ್ಲಿ, ಅಂಥ ಕಲ್ಲುಗಳು ಈಗಲೂ ಮಳೆ ನೀರು ಹಿಡಿದುಕೊಂಡು ಕೂತಿವೆ. ದೇವರಾಗಿ ಕಡೆದ ಕಲ್ಲಿಗೆ ನಾವು ಕೈಮುಗಿಯುತ್ತೇವೆ. ಮನೆಮಂದಿಯ ಹಸಿವಿಗಾಗಿ ತನ್ನನ್ನೇ ತೇಯ್ದುಕೊಂಡ ಕಲ್ಲೂ ಅದೇ ಸಾಲಿನದು ಎಂದು ನಾನು ನಂಬುತ್ತೇನೆ. ಅದನ್ನು ತಿರುಗಿಸಿದ, ಹೆಸರು ಬರೆಸಿಕೊಳ್ಳದೆ ಹೋದ ತೋಳುಗಳಿಗೆ ನನ್ನ ಮೊದಲ ನಮಸ್ಕಾರ.