ಏಕಾಂತ ಶ್ರವಣದ ಧರ್ಮ

ಪಂಚೇಂದ್ರಿಯಗಳಲ್ಲಿ ಕಿವಿಗೆ ರೆಪ್ಪೆಯಿಲ್ಲ. ಕಣ್ಣು ಬೇಡವೆಂದಾಗ ಮುಚ್ಚಿಕೊಳ್ಳುತ್ತದೆ. ನಾಲಗೆ ಬಾಯೊಳಗೆ ಅಡಗುತ್ತದೆ. ಕಿವಿಯೊಂದು ಮಾತ್ರ ನಿದ್ರೆಯಲ್ಲಿಯೂ ತೆರೆದೇ ಇರುತ್ತದೆ. ನಡುರಾತ್ರಿಯಲ್ಲಿ ತೊಟ್ಟಿಲ ಮಗು ನರಳಿದರೆ ತಾಯಿಗೆ ಎಚ್ಚರವಾಗುವುದು ಈ ಬಾಗಿಲು ತೆರೆದಿರುವುದರಿಂದಲೇ. ಅನ್ಯರು ನಮ್ಮ ಬಾಳಿನೊಳಕ್ಕೆ ಅಪ್ಪಣೆಯಿಲ್ಲದೆ ಬರಬಹುದಾದ ದಾರಿ ಇದೊಂದೇ. ಈ ಬಾಗಿಲಿಗೆ ಈ ಕಾಲವು ಕದವನ್ನು ಮಾಡಿಕೊಟ್ಟಿದೆ. ಅದರ ಹೆಸರು ಹೆಡ್‌ಫೋನು. ಯಾವ ಹೆಡ್‌ಫೋನನ್ನು ಕೊಳ್ಳಬೇಕು, ಅದಕ್ಕೆ ಹೊಂದುವ ಆಂಪ್ಲಿಫೈಯರು ಯಾವುದು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಂಗಡಿಯವನಿಗೆ ಸೇರಿದ್ದು. ಆದರೆ ಕೊಳ್ಳುವವನು ಒಂದು ಮನೆಯಲ್ಲಿ ನಾಲ್ಕು ಜನರೊಡನೆ ಬಾಳತಕ್ಕವನಾದರೆ, ಆ ಪ್ರಶ್ನೆಯ ಅರ್ಧಭಾಗವು ಅಂಗಡಿಯಲ್ಲಿ ಮುಗಿಯುವುದಿಲ್ಲ.

ಪೊನ್ನಂಪೇಟೆಯ ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಭಾವಿಸಬಹುದು. ಯಜಮಾನನಿಗೆ ಹಗಲೆಲ್ಲ ತೋಟದ ಕೆಲಸ, ಲೆಕ್ಕಪತ್ರ, ಬಂದವರ ಮಾತು. ಊಟವಾಗಿ ಮಕ್ಕಳು ಮಲಗಿದ ಮೇಲೆ ಒಂದು ಗಂಟೆಯ ಕಾಲ ಸಂಗೀತ ಕೇಳಬೇಕೆಂಬುದು ಅವನ ಆಸೆ. ಗಟ್ಟಿಯಾಗಿ ಹಾಕಿದರೆ ಮಲಗಿದವರಿಗೆ ತೊಂದರೆ, ಆದುದರಿಂದ ಹೆಡ್‌ಫೋನು. ಈ ಬಯಕೆಯಲ್ಲಿ ದೋಷವಿಲ್ಲ. ಪರರ ನಿದ್ರೆಯ ಮೇಲಣ ಗೌರವವೇ ಅದರ ಮೂಲ. ಆದರೆ ಪಕ್ಕದ ಕೋಣೆಯಲ್ಲಿ ಅವನ ತಾಯಿ ಮಲಗಿದ್ದಾಳೆ. ವಯಸ್ಸಾಗಿದೆ, ಧ್ವನಿ ಕುಗ್ಗಿದೆ. ರಾತ್ರಿ ನೀರು ಬೇಕಾದರೆ ಒಮ್ಮೆ ಕರೆಯುತ್ತಾಳೆ. ಉತ್ತರ ಬಾರದಿದ್ದರೆ ಮತ್ತೊಮ್ಮೆ ಕರೆಯುವ ಸ್ವಭಾವ ಅವಳದಲ್ಲ. ಹೊರಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಳೆ. ತಗಡಿನ ಮಾಡಿನ ಮೇಲೆ ಅದು ಸುರಿಯುವ ಸದ್ದು.

ಹೆಡ್‌ಫೋನುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಬೆನ್ನು ತೆರೆದಿರುವುದು ಒಂದು, ಮುಚ್ಚಿರುವುದು ಇನ್ನೊಂದು. ತೆರೆದುದರಲ್ಲಿ ಕಂಪಿಸುವ ಪೊರೆಯ ಹಿಂಬದಿಯ ಗಾಳಿಗೆ ಹೊರಕ್ಕೆ ದಾರಿಯಿರುವುದರಿಂದ ನಾದವು ತಲೆಯೊಳಗೆ ಇಡುಕಿದಂತಿರದೆ ಸಹಜವಾಗಿ ಹರಡಿದಂತೆ ಕೇಳುತ್ತದೆ. ಆದರೆ ಒಳಗಿನ ಹಾಡು ಹೊರಕ್ಕೂ ಹೊರಗಿನ ಸದ್ದು ಒಳಕ್ಕೂ ಸೋರುತ್ತದೆ. ಮುಚ್ಚಿದುದು ಹೊರಗಿನ ಸದ್ದನ್ನು ತಡೆಯುತ್ತದೆ. ಮಳೆಯ ರಾತ್ರಿಯಲ್ಲಿ ತೆರೆದುದನ್ನು ಧರಿಸಿದವನು ಮಳೆಯನ್ನು ಗೆಲ್ಲಲು ಧ್ವನಿಯನ್ನು ಏರಿಸುತ್ತಾನೆ. ಅದರಿಂದ ಕಿವಿಗೆ ಕೇಡು. ಮುಚ್ಚಿದುದನ್ನು ಧರಿಸಿದವನಿಗೆ ಧ್ವನಿಯನ್ನು ಏರಿಸುವ ಅಗತ್ಯವಿಲ್ಲ. ಆದರೆ ಮಳೆಯನ್ನು ತಡೆದ ಗೋಡೆಯೇ ತಾಯಿಯ ಕರೆಯನ್ನೂ ತಡೆಯುತ್ತದೆ. ಯಂತ್ರಕ್ಕೆ ಇವೆರಡೂ ಹೊರಗಿನ ಸದ್ದುಗಳೇ. ಇದು ಬರಿಯ ಸದ್ದು, ಅದು ಕರೆ ಎಂಬ ಭೇದವು ಕೇಳುವವನ ಹೃದಯಕ್ಕೆ ಮಾತ್ರ ಗೊತ್ತು.

ಇನ್ನು ಆಂಪ್ಲಿಫೈಯರಿನ ವಿಷಯ. ಇಲ್ಲಿ ಜನರನ್ನು ಮರುಳುಗೊಳಿಸುವುದು ದೊಡ್ಡ ಅಂಕಿಗಳು. ಲೆಕ್ಕವು ನಿಜವಾಗಿ ಸರಳವಾದುದು. ಒಂದು ಮಿಲಿವಾಟ್ ಶಕ್ತಿಗೆ 100 ಡೆಸಿಬೆಲ್ ಧ್ವನಿ ಕೊಡುವ ಹೆಡ್‌ಫೋನೊಂದನ್ನು ತೆಗೆದುಕೊಳ್ಳಬಹುದು. ಡೆಸಿಬೆಲ್ಲಿನ ಮಾನದಲ್ಲಿ ಹತ್ತು ಇಳಿದರೆ ಶಕ್ತಿಯು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ 80 ಡೆಸಿಬೆಲ್ಲಿಗೆ ಬೇಕಾದುದು ಮಿಲಿವಾಟಿನ ನೂರನೆಯ ಒಂದು ಪಾಲು. ಮೃದಂಗದ ಏಟು ಮೊದಲಾದ ಕ್ಷಣಗಳಲ್ಲಿ ಧ್ವನಿಯು ಇನ್ನೂ 20 ಡೆಸಿಬೆಲ್ ಏರಿದರೂ ಒಂದು ಮಿಲಿವಾಟ್ ಸಾಕು. ಆ ಹೆಡ್‌ಫೋನಿನ ಪ್ರತಿರೋಧವು 32 ಓಮ್ ಆದರೆ ಇದಕ್ಕೆ ಸುಮಾರು 0.18 ವೋಲ್ಟ್, 300 ಓಮ್ ಆದರೆ ಸುಮಾರು 0.55 ವೋಲ್ಟ್ ಬೇಕು. ಫೋನಿಗೆ ಸಿಕ್ಕಿಸುವ ಬೆರಳುದ್ದದ ಸಾಧನಗಳಲ್ಲಿ ಅನೇಕವು ಇಷ್ಟನ್ನು ಕೊಡಬಲ್ಲುವು. ಮಿಲಿವಾಟಿಗೆ 90 ಡೆಸಿಬೆಲ್ ಮಾತ್ರ ಕೊಡುವ, 300 ಓಮ್‌ನ ಹೆಡ್‌ಫೋನಾದರೆ ಹತ್ತು ಮಿಲಿವಾಟ್, ಎಂದರೆ ಸುಮಾರು 1.7 ವೋಲ್ಟ್ ಬೇಕಾಗುತ್ತದೆ. ಅಲ್ಲಿ ಪ್ರತ್ಯೇಕವಾದ ಆಂಪ್ಲಿಫೈಯರು ಬೇಕಾಗಬಹುದು. ಸಾವಿರ ಮಿಲಿವಾಟಿನ ಯಂತ್ರವನ್ನು ಮೊದಲನೆಯ ಹೆಡ್‌ಫೋನಿಗೆ ಜೋಡಿಸಿದವನು ಒಂಬೈನೂರ ತೊಂಬತ್ತೊಂಬತ್ತು ಪಾಲನ್ನು ಸುಮ್ಮನೆ ಕೂರಿಸಿದಂತಾಯಿತು.

ಇನ್ನೊಂದು ಹೊಂದಾಣಿಕೆಯೂ ಉಂಟು. ಆಂಪ್ಲಿಫೈಯರಿನ ಹೊರದಾರಿಯ ಪ್ರತಿರೋಧವು ಹೆಡ್‌ಫೋನಿನ ಪ್ರತಿರೋಧದ ಎಂಟನೆಯ ಒಂದು ಭಾಗವನ್ನು ಮೀರಬಾರದೆಂಬುದು ರೂಢಿಯಲ್ಲಿರುವ ನಿಯಮ. 32 ಓಮ್‌ನದಕ್ಕೆ 4 ಓಮ್ ಮಿತಿ. ಇದು ಮೀರಿದರೆ, ಸ್ವರದಿಂದ ಸ್ವರಕ್ಕೆ ಹೆಡ್‌ಫೋನಿನ ಪ್ರತಿರೋಧವು ಬದಲಾದಂತೆ ಅದಕ್ಕೆ ದೊರೆಯುವ ಪಾಲೂ ಬದಲಾಗಿ, ಮಂದ್ರವು ಉಬ್ಬಿಯೋ ತಾರವು ಸೊರಗಿಯೋ ಹಾಡಿನ ಮುಖವೇ ಬೇರೆಯಾದೀತು. ಗಾಯಕನ ಕಂಠಕ್ಕೆ ತಂಬೂರಿಯನ್ನು ಶ್ರುತಿಮಾಡುವವರು ಅತ್ಯಂತ ಬೆಲೆಯುಳ್ಳ ತಂಬೂರಿಯನ್ನು ಹುಡುಕುವುದಿಲ್ಲ. ಆ ಕಂಠಕ್ಕೆ ಸೇರುವ ಶ್ರುತಿಯನ್ನು ಹುಡುಕುತ್ತಾರೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ವಿಚಾರಮಾಡಿದನು. ಸೊಂಟದ ಒಡ್ಯಾಣವನ್ನು ಕೊರಳಿಗೆ ಹಾಕಿದರೆ ಚಿನ್ನವು ಚಿನ್ನವೇ ಆಗಿದ್ದರೂ ನಗೆಗೀಡಾಗುತ್ತದೆ. ಮನೆಯ ಹಣವನ್ನು ಮಿಲಿವಾಟಿನ ಅಂಕಿಗೆ ಸುರಿಯುವುದೂ ಈ ಬಗೆಯ ಅನೌಚಿತ್ಯವೇ ಸರಿ.

ಕಿವಿಗೂ ಒಂದು ಹಕ್ಕಿದೆ. ದೊಡ್ಡವರು ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್, ಮಕ್ಕಳು ಅಷ್ಟೇ ಕಾಲ 75 ಡೆಸಿಬೆಲ್ ಕೇಳಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವ ಮಿತಿ. ಮೂರು ಡೆಸಿಬೆಲ್ ಏರಿದರೆ ಕಾಲವು ಅರ್ಧಕ್ಕೆ ಇಳಿಯಬೇಕು: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟವು. ಮಳೆಯೊಡನೆ ಹಟಕ್ಕೆ ಬಿದ್ದು ಧ್ವನಿಯನ್ನು ಏರಿಸುವವನು ಮುಂದಿನ ಇಪ್ಪತ್ತು ವರ್ಷಗಳ ಸಂಗೀತವನ್ನು ಈ ರಾತ್ರಿಗೆ ಅಡವಿಡುತ್ತಾನೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಒಬ್ಬನೇ ಕುಳಿತು ಕೇಳುವುದೇ ತಪ್ಪಲ್ಲವೆ? ಸಂಗೀತವು ಹುಟ್ಟಿದುದು ಕೂಟದಲ್ಲಿ. ಕೊಡಗಿನಲ್ಲಿ ನಾಲ್ವರು ದುಡಿ ಹಿಡಿದು ನಿಂತು, ಇಬ್ಬರು ಎತ್ತಿದ ಸಾಲನ್ನು ಉಳಿದಿಬ್ಬರು ಹಿಡಿದು ಹಾಡುತ್ತಾರೆ. ಪುತ್ತರಿಯಲ್ಲಿ ಹಾಡುವವರು ಮನೆಮನೆಗೆ ಬರುತ್ತಾರೆ. ಅಲ್ಲಿ ಕೇಳುವವನೆಂದರೆ ಅತಿಥಿಯನ್ನು ಎದುರುಗೊಳ್ಳುವವನು. ಗ್ರಾಮಫೋನಿನ ಕಾಲದಲ್ಲಿ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷದಷ್ಟೇ ಹಾಡು, ನಾದವೂ ಒರಟು, ಆದರೂ ಮನೆಯವರೆಲ್ಲ ಒಂದೇ ಕಹಳೆಯ ಮುಂದೆ ಕುಳಿತಿರುತ್ತಿದ್ದರು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದಾಗಲೂ, ರೇಡಿಯೋ ಇದ್ದ ಮನೆಯ ಕೂಡುಪಡಸಾಲೆಗೆ ಅದು ಸೇರಿದ ವಸ್ತುವಾಗಿತ್ತು. ಈ ಸಾಮೂಹಿಕ ಸುಖವನ್ನು ತೊರೆದು ಒಬ್ಬೊಬ್ಬನೂ ತನ್ನ ತಲೆಯೊಳಗೆ ಒಂದು ಕಛೇರಿಯನ್ನು ಕಟ್ಟಿಕೊಳ್ಳುವುದು ಸ್ವಾರ್ಥವೆಂದು ಆಕ್ಷೇಪಿಸುವವರು ಹೇಳುತ್ತಾರೆ.

ಈ ಆಕ್ಷೇಪದಲ್ಲಿ ಸತ್ಯಾಂಶವಿದೆ, ಪೂರ್ಣಸತ್ಯವಿಲ್ಲ. ದುಡಿಯ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚುಹಾಕಿಸಿದರು. ಅದನ್ನು ಓದುವವನು ಏಕಾಕಿಯಾಗಿಯೇ ಓದುತ್ತಾನೆ. ಅದರಿಂದ ಹಾಡಿಗೆ ಅಪಚಾರವಾಯಿತೆಂದು ಯಾರೂ ಹೇಳುವುದಿಲ್ಲ. ಪೊನ್ನಂಪೇಟೆಯಲ್ಲಿ 1927ರಲ್ಲಿ ಸ್ಥಾಪಿತವಾದ ರಾಮಕೃಷ್ಣ ಶಾರದಾಶ್ರಮದಂತಹ ಸ್ಥಳಗಳಲ್ಲಿ ಸಂಜೆಯ ಆರತಿಯನ್ನು ಎಲ್ಲರೂ ಕೂಡಿ ಹಾಡುತ್ತಾರೆ. ಧ್ಯಾನವನ್ನು ಮಾತ್ರ ಒಬ್ಬೊಬ್ಬರೂ ತಾವೇ ಮಾಡಬೇಕು. ಕೂಡಿ ಹಾಡುವುದೂ ಒಬ್ಬನೇ ಕುಳಿತು ಮನನಮಾಡುವುದೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಆಲಾಪನೆಯ ನಡುವೆ ಗಾಯಕನು ಎಳೆದುಕೊಳ್ಳುವ ಉಸಿರು, ವೀಣೆಯ ತಂತಿಯ ಕೊನೆಯ ಕಂಪನ ಇವು ಗಲಾಟೆಯಲ್ಲಿ ತಿಳಿಯತಕ್ಕವಲ್ಲ. ಏಕಾಂತದಲ್ಲಿ ಕೇಳಿದವನು ಕೂಟಕ್ಕೆ ಹೋದಾಗ ಮೊದಲಿಗಿಂತ ಒಳ್ಳೆಯ ಶ್ರೋತೃವಾಗಿ ಕೂರಬಲ್ಲನು.

ಹೆಡ್‌ಫೋನಿನ ಚರಿತ್ರೆಯೂ ಇಲ್ಲಿ ಒಂದು ಮಾತನ್ನು ಹೇಳುತ್ತದೆ. ಅದು ವಿನೋದಕ್ಕಾಗಿ ಹುಟ್ಟಲಿಲ್ಲ. ಟೆಲಿಫೋನ್ ಕೇಂದ್ರಗಳಲ್ಲಿ ದುಡಿಯುವವರ ಕಿವಿಗೆ ಮೊದಲು ಬಂತು. 1910ರಲ್ಲಿ ಅಮೆರಿಕದ ನೇಥನೀಲ್ ಬಾಲ್ಡ್ವಿನ್ ಎಂಬವನು ಮಾಡಿದ ಹೆಡ್‌ಫೋನುಗಳನ್ನು ಅಲ್ಲಿನ ನೌಕಾದಳವು ಕೊಂಡುಕೊಂಡಿತು. ದೂರದಿಂದ ಬರುವ ಕ್ಷೀಣವಾದ ಕರೆಯನ್ನು ತಪ್ಪದೆ ಕೇಳುವುದಕ್ಕಾಗಿ ಅದನ್ನು ಧರಿಸುತ್ತಿದ್ದರು. ಸಂಗೀತಕ್ಕಾಗಿ ಎರಡು ಕಿವಿಗೆ ಎರಡು ವಾಹಿನಿಗಳ ಹೆಡ್‌ಫೋನನ್ನು ಜಾನ್ ಕಾಸ್ ಹೊರತಂದುದು 1958ರಲ್ಲಿ. 1979ರಲ್ಲಿ ಜಪಾನಿನ ಸೋನಿ ಸಂಸ್ಥೆಯು ವಾಕ್‌ಮನ್ ಯಂತ್ರವನ್ನು ಮಾರಾಟಕ್ಕೆ ತಂದಾಗ ಅದರಲ್ಲಿ ಇಬ್ಬರು ಕೇಳುವಂತೆ ಎರಡು ರಂಧ್ರಗಳಿದ್ದುವು. ಒತ್ತಿದರೆ ಹಾಡು ತಗ್ಗಿ ಪಕ್ಕದವರ ಮಾತು ಕೇಳಿಸುವ ಒಂದು ಗುಂಡಿಯೂ ಇತ್ತು. ಒಬ್ಬನೇ ಕೇಳುವುದು ಅವಿನಯವಾದೀತೆಂಬ ಅಳುಕು ಮಾಡಿದವರಿಗೇ ಇತ್ತು. ಮುಂದಣ ಮಾದರಿಗಳಲ್ಲಿ ಅವೆರಡೂ ಕ್ರಮೇಣ ಮರೆಯಾದುವು. ಜನರಿಗೆ ಅವು ಬೇಕೆನಿಸಲಿಲ್ಲ. ಹೊರಗಿನ ಧ್ವನಿಯನ್ನು ಒಳಕ್ಕೆ ಬಿಡುವ ಏರ್ಪಾಡುಳ್ಳ ಹೆಡ್‌ಫೋನುಗಳು ಈಗ ಮತ್ತೆ ಬಂದಿವೆ. ಆದರೆ ಆ ಏರ್ಪಾಡನ್ನು ತೆರೆದಿಡಬೇಕೆಂಬ ಮನಸ್ಸು ಧರಿಸಿದವನದೇ ಆಗಿರಬೇಕು.

ಹಾಗಾದರೆ ಪೊನ್ನಂಪೇಟೆಯ ಆ ಗೃಹಸ್ಥನು ಏನು ಮಾಡತಕ್ಕದ್ದು? ಮೊದಲು ಅವನು ಬೆಲೆಯನ್ನು ಕೇಳದೆ ತನ್ನ ಮನೆಯನ್ನು ಕೇಳಿಕೊಳ್ಳಬೇಕು. ರಾತ್ರಿಯ ಹೊಣೆ ಅವನೊಬ್ಬನದೇ ಆಗಿರುವಷ್ಟು ಕಾಲ ಬೆನ್ನು ತೆರೆದ, ಸುಲಭವಾಗಿ ನುಡಿಯುವ ಹೆಡ್‌ಫೋನೊಂದು, ಅದಕ್ಕೆ ಸಾಕಾಗುವ ಕಿರಿಯ ಆಂಪ್ಲಿಫೈಯರೊಂದು ಅವನಿಗೆ ಉಚಿತ. ಕೊಳ್ಳುವ ಮುನ್ನ ತನಗೆ ಚೆನ್ನಾಗಿ ಪರಿಚಿತವಾದ ಒಂದು ಕಂಠವನ್ನು ಅದರಲ್ಲಿ ಕೇಳಿ, ಆ ಕಂಠವು ತನ್ನ ಗುರುತು ಕಳೆದುಕೊಳ್ಳದಿದ್ದರೆ ಅಷ್ಟಕ್ಕೆ ತೃಪ್ತನಾಗಬೇಕು. ಮಳೆಗಾಲದ ನಾಲ್ಕು ತಿಂಗಳಲ್ಲಿ ಅವನಿಗೆ ನಷ್ಟವಿದೆ. ಮಂದ್ರದ ಸೂಕ್ಷ್ಮಗಳು ಮಾಡಿನ ಸದ್ದಿನಲ್ಲಿ ಮುಳುಗುತ್ತವೆ. ಆ ನಷ್ಟವನ್ನು ಯಾವ ಯಂತ್ರವೂ ತುಂಬಿಕೊಡದು. ತುಂಬಿಕೊಡುವೆನೆನ್ನುವ ಯಂತ್ರವು ಪಕ್ಕದ ಕೋಣೆಯಿಂದ ಅದರ ಬೆಲೆಯನ್ನು ವಸೂಲುಮಾಡುತ್ತದೆ. ಮನೆಯ ಬೇರೊಬ್ಬರು ತಾಯಿಯ ಬಳಿ ಕುಳಿತ ಸಂಜೆಗಳಲ್ಲಿ ಅವನು ಮುಚ್ಚಿದುದನ್ನು ಧರಿಸಿ ನಿಶ್ಚಿಂತೆಯಿಂದ ಕೇಳಲಿ; ಆ ಸುಖಕ್ಕೆ ಕಳಂಕವಿಲ್ಲ, ಏಕೆಂದರೆ ಅವನ ಬಾಗಿಲನ್ನು ಬೇರೊಬ್ಬರು ಕಾಯುತ್ತಿದ್ದಾರೆ.

ಸಂಗೀತದ ಅಭ್ಯಾಸವು ಕಿವಿಯನ್ನು ಸೂಕ್ಷ್ಮಗೊಳಿಸುತ್ತದೆಂದು ಬಲ್ಲವರು ಹೇಳುತ್ತಾರೆ. ಆ ಸೂಕ್ಷ್ಮತೆಯು ನಿಜವಾದುದಾದರೆ ರಾಗದ ಅನುಸ್ವರವನ್ನು ಹಿಡಿದ ಕಿವಿಯು ಕುಗ್ಗಿದ ದನಿಯ ಒಂದು ಕರೆಯನ್ನೂ ಹಿಡಿಯಬೇಕು. ಅಂತಹ ರಾತ್ರಿಯಲ್ಲಿ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ನೀರಿನ ಲೋಟ ಹಿಡಿದು ಪಕ್ಕದ ಕೋಣೆಗೆ ಹೋದವನು ಹಿಂದಿರುಗಿ ಬಂದಾಗ ಹಾಡು ನಿಂತಲ್ಲಿಯೇ ಕಾದಿರುತ್ತದೆ. ಕರೆದವರು ಹಾಗೆ ಬಹುಕಾಲ ಕಾದಿರಲಾರರು.