ಮ್ಯೂನಿಕ್ ಇಲ್ಲದ ಮ್ಯೂನಿಕ್

ಹೊರದೇಶಗಳ ಒಂದು ತಲೆಮಾರಿಗೆ ಮ್ಯೂನಿಕ್ ಎಂದರೆ ಎತ್ತರದ ಬೇಲಿಯ ಹಿಂದಿನ ಬಂಗಲೆ. ಒಳಗೊಂದು ಹೆಣ, ಬಾಗಿಲಲ್ಲಿ ಮಳೆಕೋಟು ತೊಟ್ಟ ಇನ್‌ಸ್ಪೆಕ್ಟರ್ ಡೆರಿಕ್. ಝಡ್‌ಡಿಎಫ್ ವಾಹಿನಿ 1974ರಿಂದ 1998ರವರೆಗೆ ತೋರಿಸಿದ 'ಡೆರಿಕ್' ಎಂಬ ಜರ್ಮನ್ ಧಾರಾವಾಹಿಯ ಕಂತುಗಳು 281. ಕೊಂಡ ದೇಶಗಳು ನೂರಕ್ಕೂ ಹೆಚ್ಚು. ಇಟಲಿಯಲ್ಲಂತೂ ಲೇಖಕ ಉಂಬರ್ಟೊ ಎಕೊ ಅಂಥವರೇ ಅದರ ಜನಪ್ರಿಯತೆಯ ಬಗ್ಗೆ ಬರೆದರು. ಹಾಗೆಂದು ಅದರಲ್ಲಿ ಗುಂಡಿನ ಕಾಳಗವಾಗಲಿ, ಬೆನ್ನಟ್ಟಿ ಓಡುವ ಕಾರುಗಳ ಗದ್ದಲವಾಗಲಿ ಹೆಚ್ಚೇನಿಲ್ಲ. ಸೋಫಾದ ಮೇಲೆ ಕೂತು ಮಾತು, ಮೌನ, ಮತ್ತೆ ಮಾತು. ಬವೇರಿಯಾದ ನುಡಿಯ ವಾಸನೆಯೂ ಕಡಿಮೆಯೇ. ಡಬ್ ಮಾಡಿದರೆ ಕಳೆದುಹೋಗುವಂಥದ್ದು ಅದರಲ್ಲಿ ಅಷ್ಟಾಗಿ ಇರಲಿಲ್ಲ. ಅಷ್ಟು ದೂರ ಹೋದದ್ದೂ ಅದಕ್ಕೇ ಅಂತ ನನ್ನ ಅನಿಸಿಕೆ.

ಜರ್ಮನರು ತಮಗಾಗಿ ಇಟ್ಟುಕೊಂಡದ್ದು 'ಟಾಟ್ಓರ್ಟ್' ಎಂಬ ಪೊಲೀಸ್ ಧಾರಾವಾಹಿ. 1970ರ ನವೆಂಬರ್ 29ರಂದು ಶುರುವಾದ ಇದು ಇಂದಿಗೂ ಭಾನುವಾರ ರಾತ್ರಿ ಎಂಟೂಕಾಲಕ್ಕೆ, ವಾರ್ತೆ ಮುಗಿದ ಮೇಲೆ ಬರುತ್ತದೆ. ಎಆರ್‌ಡಿ ಎಂಬ, ಇದನ್ನು ತೋರಿಸುವ ಸಂಸ್ಥೆ ಪ್ರಾಂತೀಯ ವಾಹಿನಿಗಳ ಒಕ್ಕೂಟ. ಪ್ರತಿಯೊಂದು ವಾಹಿನಿಯೂ ತನ್ನ ಊರಿನ ಪೊಲೀಸರನ್ನು, ತನ್ನ ಊರಿನ ಕೊಲೆಯನ್ನು ತರುತ್ತದೆ: ಒಂದು ವಾರ ಕಲೋನ್, ಇನ್ನೊಂದು ವಾರ ಕೀಲ್, ಮತ್ತೊಮ್ಮೆ ಗಡಿಯಾಚೆಯ ವಿಯೆನ್ನಾ. ಕೊಲೆಗಾರ ಯಾರೆಂಬುದು ನೆಪ. ನೋಡುವವರಿಗೆ ಬೇಕಾದದ್ದು ಆ ಊರಿನ ಮಾತಿನ ಧಾಟಿ, ಅಲ್ಲಿನ ಜಗಳ, ಈ ಬೀದಿಯಲ್ಲಿ ತಿರುಗಿದ ಕಾರು ಆ ಸೇತುವೆಗೆ ಹೇಗೆ ಬಂತು ಎಂಬ ತಕರಾರು. ಇದನ್ನು ಪರಭಾಷೆಗೆ ಇಳಿಸಿದರೆ ಉಳಿಯುವುದು ಹೆಣ ಮಾತ್ರ.

ತಮಾಷೆಯ ಸಂಗತಿ ಎಂದರೆ, ಅತಿ ಹೆಚ್ಚು ಜನ ನೋಡುವ ಕಂತುಗಳು ಮ್ಯೂನ್‌ಸ್ಟರ್‌ನವು. ಸೈಕಲ್ಲು, ವಿಶ್ವವಿದ್ಯಾಲಯ, ಚರ್ಚಿನ ಗಂಟೆಗಳ ಸಾಧು ಊರು. ದೇಶದಲ್ಲೇ ವರ್ಷಕ್ಕೆ ಲಕ್ಷ ಜನರಿಗೆ ಒಂದು ಕೊಲೆಯೂ ಆಗದ ಕಡೆ, ಈ ಊರಲ್ಲಿ 2002ರಿಂದ ಹೆಣಗಳು ಬೀಳುತ್ತಲೇ ಇವೆ. ಅವುಗಳಲ್ಲಿ ಎಷ್ಟೋ ದೃಶ್ಯಗಳ ಚಿತ್ರೀಕರಣ ಕಲೋನಿನಲ್ಲಿ!

ಹೊರಗಿನವರಿಗೆ ಇತ್ತೀಚೆಗೆ ಸಿಕ್ಕ ಜರ್ಮನ್ ಶಹರ 'ಬ್ಯಾಬಿಲಾನ್ ಬರ್ಲಿನ್' ಧಾರಾವಾಹಿಯದು. 2017ರಲ್ಲಿ ಬಂತು. ಅದೂ 1929ರ ಬರ್ಲಿನ್, ಬೀದಿಗಳಲ್ಲಿ ಹಲವು ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್ಟು.

ಸೆಟ್ಟು ಬಿಟ್ಟು ಊರನ್ನು ಇದ್ದಂತೆ ತೋರಿಸಿದರೆ ಊರಿನ ದೊಡ್ಡವರಿಗೆ ಸಿಟ್ಟು ಬರುತ್ತದೆ. 1981ರಲ್ಲಿ ಟಾಟ್ಓರ್ಟ್‌ಗೆ ಶಿಮಾನ್ಸ್ಕಿ ಎಂಬ ಪೊಲೀಸ್ ಬಂದ. ಮಾಸಿದ ಜಾಕೆಟ್ಟು, ಬಾಯಿ ತೆರೆದರೆ ಬೈಗುಳ, ಹಿಂದೆ ಡ್ಯೂಸ್‌ಬುರ್ಗಿನ ಉಕ್ಕಿನ ಕುಲುಮೆಗಳ ಹೊಗೆ. ನಮ್ಮೂರ ಮಾನ ಹರಾಜಾಯಿತೆಂದು ಅಲ್ಲಿನವರು ಕೂಗಾಡಿದರು. 2014ರಲ್ಲಿ ಅದೇ ಊರಿನ ರೂರ್‌ಓರ್ಟ್ ಬಂದರಿನ ಬಳಿಯ ಒಂದು ಗಲ್ಲಿಗೆ ಶಿಮಾನ್ಸ್ಕಿಯ ಹೆಸರಿಟ್ಟರು.