ಕೆಟ್ಟಿರುವುದು ಅದೇನಾ?

ಕೆಟ್ಟದ್ದನ್ನು ಬದಲಿಸಬೇಕೋ, ಸರಿಪಡಿಸಿಕೊಂಡು ಹೋಗಬೇಕೋ? ವಸ್ತುಗಳ ವಿಷಯದಲ್ಲೂ ಸಂಬಂಧಗಳ ವಿಷಯದಲ್ಲೂ ನಾವು ಕೇಳಿಕೊಳ್ಳುವ ಪ್ರಶ್ನೆ ಇದು. ಇದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಕೆಟ್ಟಿರುವುದು ನಿಜಕ್ಕೂ ಅದೇನಾ? ನೀತಿಶಾಸ್ತ್ರದಲ್ಲಿ ಸಂಶೋಧನೆ ಮಾಡುವ ನನಗೆ ಇದು ಮನದಟ್ಟಾದದ್ದು ಇಂಗ್ಲೆಂಡಿಗೆ ಓದಲು ಬಂದ ಮೇಲೆ, ಪರಿಚಿತರೊಬ್ಬರ ಹಳೆಯ ಎಂಜಿಬಿ ಕಾರಿನ ರಿಪೇರಿಗೆ ಕೈಜೋಡಿಸಿದಾಗ.

ಎಂಜಿಬಿ ಸ್ಪೋರ್ಟ್ಸ್ ಕಾರು 1962ರಿಂದ 1980ರವರೆಗೆ ಅಬಿಂಗ್ಡನ್‌ನಲ್ಲಿ ತಯಾರಾಯಿತು. ಅದರ 1798 ಸಿಸಿ ಎಂಜಿನ್ನಿಗೆ ಬಹುಕಾಲ ಉಸಿರು ಕೊಟ್ಟದ್ದು ಎಸ್‌ಯು ಜೋಡಿ ಕಾರ್ಬುರೇಟರು. ಎಂಜಿನ್ ಗಾಳಿ ಎಳೆದಂತೆ ಅದರೊಳಗಿನ ಪಿಸ್ಟನ್ ಮೇಲೇಳುತ್ತದೆ. ಪಿಸ್ಟನ್ನಿಗೆ ಅಂಟಿದ ಚೂಪು ಸೂಜಿ ಜೆಟ್‌ನಿಂದ ಸರಿದಷ್ಟೂ ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಕಾರು ಮುಗ್ಗರಿಸತೊಡಗಿದರೆ ಹಲವರು ಈ ಜೋಡಿಯನ್ನೇ ಕಿತ್ತು ಒಂಟಿ ವೆಬರ್ ಕಾರ್ಬುರೇಟರ್ ಕೂರಿಸುತ್ತಾರೆ.

ಬಲ್ಲ ಮೆಕ್ಯಾನಿಕ್‌ಗಳು ಮಾತ್ರ ಕಾರ್ಬುರೇಟರನ್ನು ಮುಟ್ಟುವುದು ಕೊನೆಗೆ. ಮೊದಲು ವಾಲ್ವ್‌ಗಳ ಅಂತರ, ಆಮೇಲೆ ಪಾಯಿಂಟ್ಸ್, ಪ್ಲಗ್, ಇಗ್ನಿಷನ್ ಟೈಮಿಂಗ್, ಎಲ್ಲಾದರೂ ಗಾಳಿ ಸೋರಿಕೆ. ಈ ಸರದಿಯಲ್ಲಿ ನನಗೆ ಒಂದು ನ್ಯಾಯ ಕಾಣುತ್ತದೆ. ಕಾರ್ಬುರೇಟರು ಆರೋಪಿಯಾಗುವುದು ಬಹುಮಟ್ಟಿಗೆ ಅದು ಕೈಗೆ ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ. ಮನೆಯಲ್ಲಿ, ಕಚೇರಿಯಲ್ಲಿ ನಾವು ಯಾರನ್ನು ಮೊದಲು ದೂರುತ್ತೇವೆ ಎಂದು ನೋಡಿದರೂ ಇದೇ ಕಾರಣ ಸಿಕ್ಕೀತು.

ಇನ್ನೂ ಅಪಾಯದ ಸಂಗತಿಯೆಂದರೆ, ಕಾರ್ಬುರೇಟರು ಬೇರೆಯವರ ತಪ್ಪನ್ನು ಮುಚ್ಚಿಡಬಲ್ಲದು. ಎಲ್ಲೋ ಗಾಳಿ ಸೋರುತ್ತಿದ್ದರೂ ತಳದ ನಟ್ ತಿರುಗಿಸಿ, ಜೆಟ್ ಇಳಿಸಿ, ಪೆಟ್ರೋಲ್ ಹೆಚ್ಚಿಸಿದರೆ ಎಂಜಿನ್ ಒಮ್ಮೆಗೆ ಸಮಾಧಾನಗೊಳ್ಳಬಹುದು. ಅರೆಬರೆ ಉರಿದ ಪೆಟ್ರೋಲಿನ ಕಾರ್ಬನ್ ಮಾನಾಕ್ಸೈಡ್ ಹಿಂದೆ ಬಿಡುಗಡೆಯಾಗುತ್ತದೆ. ನೆಮ್ಮದಿ ಚಾಲಕನದು, ಹೊಗೆ ದಾರಿಹೋಕರದು.

ಹಾಗಾದರೆ ಹದ ಯಾವುದು? ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕೆನ್ನುತ್ತದೆ ಲೆಕ್ಕ. ಆದರೆ ಟ್ಯೂನ್ ಮಾಡುವವರು ಎಂಜಿನ್ನನ್ನೇ ಕೇಳುತ್ತಾರೆ. ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತುತ್ತಾರೆ. ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು. ಎಂಜಿನ್ ಕುಸಿದರೆ ಕಡಿಮೆ. ತುಸು ಏರಿ ಮೊದಲಿನ ಲಯಕ್ಕೆ ಮರಳಿದರೆ ಸರಿ. ಅರಿಸ್ಟಾಟಲ್ ಹೇಳಿದ ಮಧ್ಯಮವೂ ಎಲ್ಲರಿಗೂ ಒಂದೇ ಅಂಕಿಯಲ್ಲ. ಕುಸ್ತಿಪಟು ಮಿಲೋಗೆ ಸಾಲದ ಊಟ ಕಲಿಯಲು ಬಂದ ಹುಡುಗನಿಗೆ ಹೆಚ್ಚಾಗುತ್ತದೆ.

ಇಷ್ಟಾದರೂ ಟ್ಯೂನಿಂಗ್ ಎಲ್ಲವನ್ನೂ ಉಳಿಸದು. ಥ್ರಾಟಲ್‌ನ ಸ್ಪಿಂಡಲ್ ಸವೆದು ಅದರ ಸುತ್ತ ಗಾಳಿ ನುಗ್ಗುತ್ತಿದ್ದರೆ ಯಾವ ಹದವೂ ನಿಲ್ಲುವುದಿಲ್ಲ. ಆಗಲೂ ನಟ್ ತಿರುಗಿಸುತ್ತ ಕೂರುವುದನ್ನು ನಿಷ್ಠೆ ಎನ್ನಲಾರೆ. ಅದು ಸತ್ಯವನ್ನು ಮುಂದೂಡುವ ಹಟ. ಸವೆದದ್ದನ್ನು ಬದಲಿಸಲೇಬೇಕು. ಆದರೆ ಬದಲಿಸುವ ಹಕ್ಕು ಬೇಸರದಿಂದ ಬರುವಂಥದ್ದಲ್ಲ. ಕೊನೆಯವರೆಗೆ ಪರೀಕ್ಷಿಸಿ ನೋಡಿದವರಿಗೆ ಮಾತ್ರ ಅದು ದಕ್ಕುತ್ತದೆ.